ಎಲುಬಿಗೊಂದು ಹಂದರ

ಸಂಸ್ಕೃತದಲ್ಲಿ ದವಡೆಗೆ 'ಹನು' ಎಂದು ಹೆಸರು. ಉದಯಿಸುವ ಸೂರ್ಯನನ್ನು ಹಣ್ಣೆಂದು ಬಗೆದು ಆಗಸಕ್ಕೆ ನೆಗೆದ ವಾಯುಪುತ್ರನಿಗೆ ಇಂದ್ರನ ವಜ್ರಾಯುಧದ ಪೆಟ್ಟು ತಗಲಿ ಎಡದವಡೆ ಭಗ್ನವಾಯಿತೆಂದೂ, ಅಂದಿನಿಂದ ಆತ ಹನುಮಂತನೆನಿಸಿದನೆಂದೂ ರಾಮಾಯಣವು ಹೇಳುತ್ತದೆ. ಆ ವಜ್ರಾಯುಧವಾದರೋ ದಧೀಚಿಮಹರ್ಷಿಯ ಎಲುಬಿನಿಂದ ನಿರ್ಮಿತವಾದುದೆಂಬುದು ಪುರಾಣಪ್ರಸಿದ್ಧವಾದ ಸಂಗತಿ. ಒಬ್ಬನ ಎಲುಬು ಮತ್ತೊಬ್ಬನ ಎಲುಬನ್ನು ಮುರಿಯಿತು; ಮುರಿದ ಗುರುತೇ ಮುರಿಸಿಕೊಂಡವನ ಹೆಸರಾಗಿ ಉಳಿಯಿತು. ದವಡೆಗೆ ಒದಗಿದ ಹಾನಿ ಮರೆಯಾಗತಕ್ಕದ್ದಲ್ಲ, ಅದು ಮುಖದ ಮೇಲೆಯೇ ನಿಲ್ಲತಕ್ಕದ್ದು ಎಂಬ ಮಾತು ಆ ಹೆಸರಿನಲ್ಲಿಯೇ ಅಡಗಿದೆ.

ಮನುಷ್ಯನ ತಲೆಬುರುಡೆಗೆ ಸೇರಿದ ಎಲುಬುಗಳಲ್ಲಿ, ಕಿವಿಯೊಳಗಿನ ಸಣ್ಣ ಎಲುಬುಗಳನ್ನು ಬಿಟ್ಟರೆ, ಚಲಿಸತಕ್ಕದ್ದು ಕೆಳದವಡೆಯೊಂದೇ. ಅದು ಚಲಿಸುವುದರಿಂದಲೇ ಅನ್ನವು ಒಳಗೆ ಹೋಗುತ್ತದೆ, ಅಕ್ಷರವು ಹೊರಗೆ ಬರುತ್ತದೆ. ವೈಯಾಕರಣರು ವರ್ಣಗಳಿಗೆ ಕಂಠ, ತಾಲು, ಮೂರ್ಧ, ದಂತ, ಓಷ್ಠಗಳೆಂಬ ಸ್ಥಾನಗಳನ್ನು ಹೇಳಿದರು, ದವಡೆಯನ್ನು ಹೇಳಲಿಲ್ಲ. ಆದರೆ ಅಕಾರಕ್ಕೆ ಬಾಯಿ ತೆರೆಯುವುದೂ, ಪಕಾರ ಮಕಾರಗಳಿಗೆ ತುಟಿಗಳು ಕೂಡುವುದೂ ದವಡೆಯ ಇಳಿತ ಏರಿತಗಳನ್ನು ನೆಚ್ಚಿಯೇ ಅಲ್ಲವೆ? ನಾಲಗೆಯ ಸ್ನಾಯುಗಳಿಗೂ ಅದೇ ಆಧಾರ. ದವಡೆಯ ಒಂದು ಭಾಗ ಹೋದವನಿಗೆ ಹೋಗುವುದು ಕೇವಲ ಒಂದು ಎಲುಬಲ್ಲ. ಅವನ ಊಟ ಹೋಗುತ್ತದೆ, ಮಾತು ತೊದಲುತ್ತದೆ, ಕನ್ನಡಿಯಲ್ಲಿ ಕಾಣುವ ಮುಖವು ತನ್ನದಲ್ಲವೆನಿಸುತ್ತದೆ. ಪಂಕ್ತಿಯಲ್ಲಿ ಕುಳಿತು ಉಣ್ಣುವುದಕ್ಕೆ ಅವನು ನಾಚುತ್ತಾನೆ. ಆದುದರಿಂದ ಕಳೆದುಹೋದ ದವಡೆಯನ್ನು ಮರಳಿ ಬೆಳೆಸಲು ವಿಜ್ಞಾನವು ಕೈಕೊಂಡಿರುವ ಪ್ರಯತ್ನವು ವೈದ್ಯರಿಗೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ. ಅನ್ನವನ್ನೂ ಅಕ್ಷರವನ್ನೂ ಬಲ್ಲ ಎಲ್ಲರೂ ತಿಳಿಯಬೇಕಾದ ವಿಷಯ.

ಎಲುಬನ್ನು ಜನರು ಸಾಮಾನ್ಯವಾಗಿ ಜಡವಸ್ತುವೆಂದು ಭಾವಿಸುತ್ತಾರೆ. ಇದು ಸರಿಯಲ್ಲ. ಜೀವಂತ ದೇಹದಲ್ಲಿ ಎಲುಬಿಗೂ ರಕ್ತಸಂಚಾರವುಂಟು, ಅದಕ್ಕೂ ಹುಟ್ಟು ಸಾವುಗಳುಂಟು. ಒಂದು ಬಗೆಯ ಜೀವಕೋಶಗಳು ಹಳೆಯ ಎಲುಬನ್ನು ಕರಗಿಸುತ್ತ ಹೋದರೆ, ಮತ್ತೊಂದು ಬಗೆಯವು ಅದರ ಹಿಂದೆಯೇ ಹೊಸ ಎಲುಬನ್ನು ಕಟ್ಟುತ್ತ ಬರುತ್ತವೆ. ಕೆಲಸವಿದ್ದಲ್ಲಿ ಎಲುಬು ಉಳಿಯುತ್ತದೆ, ಕೆಲಸವಿಲ್ಲದಲ್ಲಿ ಕರಗುತ್ತದೆ. ಹಲ್ಲು ಬಿದ್ದ ವೃದ್ಧರ ಬೊಚ್ಚುಬಾಯಿಯಲ್ಲಿ ಗದ್ದವು ಮೂಗಿನ ಸಮೀಪಕ್ಕೆ ಬಂದಂತೆ ಕಾಣುವುದು ಈ ಕಾರಣದಿಂದಲೇ. ಹಲ್ಲನ್ನು ಹಿಡಿದಿದ್ದ ಎಲುಬಿನ ದಿಂಡು, ಹಿಡಿಯುವುದಕ್ಕೆ ಹಲ್ಲಿಲ್ಲದಾದಾಗ, ತಾನೂ ಸವೆದುಹೋಗುತ್ತದೆ.

ಸಣ್ಣ ಬಿರುಕಾದರೆ ಎಲುಬು ತಾನಾಗಿ ಕೂಡಿಕೊಳ್ಳುತ್ತದೆ. ಆದರೆ ಅಂತರವು ಒಂದು ಮಿತಿಯನ್ನು ಮೀರಿತೆಂದರೆ ಎರಡು ತುದಿಗಳೂ ಎಂದೆಂದಿಗೂ ಕೂಡುವುದಿಲ್ಲ. ನಡುವೆ ಬರಿಯ ನಾರಿನಂಥ ಅಂಗಾಂಶವು ತುಂಬಿಕೊಳ್ಳುತ್ತದೆ. ಬಾಯಿಯ ಕ್ಯಾನ್ಸರ್, ದವಡೆಯ ಗೆಡ್ಡೆ, ವಾಹನಗಳ ಅಪಘಾತ, ಚಿಕಿತ್ಸೆಗಾಗಿ ಕೊಟ್ಟ ವಿಕಿರಣದಿಂದಲೇ ಎಲುಬು ಸಾಯುವುದು ಇವೇ ಮೊದಲಾದ ಕಾರಣಗಳಿಂದ ಇಂಥ ಅಂತರಗಳು ಉಂಟಾಗುತ್ತವೆ.

ಕಳೆದ ಅಂಗವನ್ನು ಮರಳಿ ರಚಿಸುವ ವಿದ್ಯೆ ಭಾರತಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ನಾಸಾಸಂಧಾನವಿಧಿಯು ಉಕ್ತವಾಗಿದೆ. ಮೂಗಿನ ಪ್ರಮಾಣಕ್ಕೆ ಸರಿಯಾದ ಒಂದು ಎಲೆಯನ್ನು ತೆಗೆದುಕೊಂಡು, ಅದರ ಅಳತೆಗೆ ಕೆನ್ನೆಯಿಂದ ಚರ್ಮವನ್ನು ಬಿಡಿಸಿ, ಮೂಗಿನ ಸ್ಥಾನದಲ್ಲಿ ಜೋಡಿಸಿ, ಉಸಿರಾಟಕ್ಕೆಂದು ಎರಡು ನಾಳಗಳನ್ನು ಇರಿಸಬೇಕೆಂದು ಅಲ್ಲಿ ಹೇಳಿದೆ. ಶತಮಾನಗಳ ತರುವಾಯ, ಪುಣೆಯಲ್ಲಿ ನಡೆದ ಇಂಥದೇ ಒಂದು ಶಸ್ತ್ರಕ್ರಿಯೆಯ ವೃತ್ತಾಂತವು 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಪ್ರಕಟವಾಗಿ ಯುರೋಪಿನ ವೈದ್ಯರ ಕಣ್ಣು ತೆರೆಯಿಸಿತು. ಅಲ್ಲಿ ಎಲೆಗೆ ಬದಲಾಗಿ ಮೇಣದ ತಗಡನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಹಣೆಯ ಮೇಲೆ ಹರಡಿ, ಅದರ ಅಂಚಿಗೆ ಗೆರೆ ಎಳೆದು ಚರ್ಮವನ್ನು ಬಿಡಿಸಿದ್ದರು. ಹುಬ್ಬುಗಳ ನಡುವೆ ಒಂದು ಎಳೆಯನ್ನು ಮಾತ್ರ ಕಡಿಯದೆ ಉಳಿಸಿ ರಕ್ತವು ಹರಿಯುವಂತೆ ಮಾಡಿದ್ದರು. ಈ ಕ್ರಮದಲ್ಲಿ ಮೂರು ತತ್ತ್ವಗಳು ಅಡಗಿವೆ. ಮೊದಲು ಅಳತೆ ಬೇಕು. ಅನಂತರ ರೋಗಿಯದೇ ಆದ ಜೀವಂತ ವಸ್ತು ಬೇಕು. ಕೊನೆಯದಾಗಿ, ಆ ವಸ್ತುವಿಗೆ ರಕ್ತದ ಸಂಬಂಧವು ತಪ್ಪದೆ ಇರಬೇಕು. ಇಂದಿನ ದವಡೆಯ ವಿದ್ಯೆಯೂ ಈ ಮೂರರ ಮೇಲೆಯೇ ನಿಂತಿದೆ.

ಚರ್ಮವನ್ನು ಕೆನ್ನೆಯಿಂದ ತಂದಂತೆ ಎಲುಬನ್ನು ಎಲ್ಲಿಂದ ತರಬೇಕು? ಮೊಣಕಾಲಿನ ಕೆಳಗೆ ಜೊತೆಯಾಗಿರುವ ಎರಡು ಎಲುಬುಗಳಲ್ಲಿ ಹೊರಬದಿಯ ತೆಳು ಎಲುಬು ದೇಹದ ಭಾರವನ್ನು ಅಷ್ಟಾಗಿ ಹೊರುವುದಿಲ್ಲ. ಅದನ್ನು ರಕ್ತನಾಳಗಳೊಡನೆ ಬಿಡಿಸಿ ಬೇರೆಡೆಗೆ ಕಸಿ ಮಾಡುವ ವಿಧಾನವನ್ನು ಆಸ್ಟ್ರೇಲಿಯದ ಇಯಾನ್ ಟೇಲರ್ ಎಂಬ ಶಸ್ತ್ರವೈದ್ಯರು 1975ರಲ್ಲಿ ಪ್ರಕಟಿಸಿದರು. ಅದನ್ನೇ ದವಡೆಯ ಆಕಾರಕ್ಕೆ ಕತ್ತರಿಸಿ ಜೋಡಿಸುವ ಕ್ರಮವನ್ನು 1989ರಲ್ಲಿ ಅಮೆರಿಕದ ಡೇವಿಡ್ ಹಿಡಾಲ್ಗೊ ಅವರು ತೋರಿಸಿಕೊಟ್ಟರು. ಇಂದಿಗೂ ದೊಡ್ಡ ಅಂತರಗಳಿಗೆ ಇದೇ ಸಮರ್ಥವಾದ ಚಿಕಿತ್ಸೆ. ಅಲ್ಲಿ ಕಾಲು ತಾನೇ ದಧೀಚಿಯಾಗಿ ಬಾಯಿಗೆ ಎಲುಬನ್ನು ದಾನಮಾಡುತ್ತದೆ. ಆದರೆ ದಾನಕ್ಕೆ ಬೆಲೆಯುಂಟು. ಒಂದು ಗಾಯವನ್ನು ವಾಸಿಮಾಡಲು ಮತ್ತೊಂದು ಗಾಯವಾಗಬೇಕು, ಹಲವು ಗಂಟೆಗಳ ಶಸ್ತ್ರಕ್ರಿಯೆಯನ್ನು ರೋಗಿಯು ತಾಳಬೇಕು. ವೃದ್ಧರಿಗೂ, ಕಾಲಿನ ರಕ್ತನಾಳಗಳು ಕೆಟ್ಟವರಿಗೂ ಇದು ಎಲ್ಲ ಕಾಲಕ್ಕೂ ಸಾಧ್ಯವಾಗುವುದಿಲ್ಲ.

ಜರ್ಮನಿಯ ಕೀಲ್ ನಗರದಲ್ಲಿ ಇಂಥ ಒಬ್ಬ ರೋಗಿ ಇದ್ದನು. ಆತನ ವಯಸ್ಸು 56. ಕ್ಯಾನ್ಸರಿನ ನಿಮಿತ್ತ ಕೆಳದವಡೆಯ ದೊಡ್ಡ ಭಾಗವನ್ನು ತೆಗೆದು ಎಂಟು ವರ್ಷಗಳಾಗಿದ್ದವು. ಉಳಿದ ತುದಿಗಳ ನಡುವಣ ಅಂತರವು 7 ಸೆಂಟಿಮೀಟರಿಗೂ ಮಿಗಿಲಾಗಿತ್ತು. ಆ ಎಂಟು ವರ್ಷಗಳಲ್ಲಿ ಮೆತ್ತನೆಯ ಆಹಾರ ಮತ್ತು ಗಂಜಿಯಂಥ ದ್ರವಗಳಲ್ಲದೆ ಅಗಿಯತಕ್ಕ ಯಾವುದನ್ನೂ ಆತನು ಉಂಡಿರಲಿಲ್ಲ. ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ನಿತ್ಯವೂ ಸೇವಿಸಬೇಕಾಗಿದ್ದುದರಿಂದ ದೇಹದ ಬೇರೊಂದು ಕಡೆಯಿಂದ ದೊಡ್ಡ ಎಲುಬನ್ನು ಕತ್ತರಿಸಿ ತರುವುದು ಅಪಾಯಕರವಾಗಿತ್ತು.

ಕೀಲ್ ವಿಶ್ವವಿದ್ಯಾನಿಲಯದ ಪ್ಯಾಟ್ರಿಕ್ ವಾರ್ನ್ಕೆ ಮತ್ತು ಅವರ ಸಹೋದ್ಯೋಗಿಗಳು ಆತನಿಗಾಗಿ ಕೈಕೊಂಡ ಉಪಾಯವು ವಿಲಕ್ಷಣವಾದುದು. ಮೊದಲು ಸಿ.ಟಿ. ಸ್ಕ್ಯಾನ್ ತೆಗೆದು, ಇರಬೇಕಾದ ದವಡೆಯ ರೂಪವನ್ನು ಗಣಕಯಂತ್ರದಲ್ಲಿ ರಚಿಸಿ, ಅದರ ಮಾದರಿಯನ್ನು ಯಂತ್ರದಿಂದ ಕಡೆಯಿಸಿದರು. ಆ ಮಾದರಿಯ ಮೇಲೆ ಟೈಟೇನಿಯಮ್ ಲೋಹದ ಜಾಲರಿಯನ್ನು ಬಾಗಿಸಿದರು. ಪುಣೆಯ ವೈದ್ಯನು ಮೇಣದಲ್ಲಿ ಮಾಡಿದುದನ್ನೇ ಇವರು ಲೋಹದಲ್ಲಿ ಮಾಡಿದರು. ಜಾಲರಿಯೊಳಗೆ ಎಲುಬಿನ ಖನಿಜದ ತುಣುಕುಗಳನ್ನು ತುಂಬಿ, ಎಲುಬಿನ ಬೆಳವಣಿಗೆಯನ್ನು ಪ್ರಚೋದಿಸುವ 7 ಮಿಲಿಗ್ರಾಂ ಪ್ರೋಟೀನನ್ನೂ ರೋಗಿಯದೇ ಆದ 20 ಮಿಲಿಲೀಟರ್ ಅಸ್ಥಿಮಜ್ಜೆಯನ್ನೂ ಸೇರಿಸಿದರು. ಅನಂತರ ಅದನ್ನು ಬಾಯಲ್ಲಿ ಇಡಲಿಲ್ಲ. ಬೆನ್ನಿನ ದೊಡ್ಡ ಸ್ನಾಯುವಿನೊಳಗೆ ಹುದುಗಿಸಿದರು. ನಾಟಿ ಮಾಡುವ ಮುನ್ನ ರೈತನು ಸಸಿಮಡಿಯಲ್ಲಿ ಪೈರು ಬೆಳೆಸುವಂತೆ ಆ ಮನುಷ್ಯನು ಏಳು ವಾರಗಳ ಕಾಲ ತನ್ನ ಬೆನ್ನಿನಲ್ಲಿ ತನ್ನ ದವಡೆಯನ್ನು ಬೆಳೆಸಿಕೊಂಡನು. ತರುವಾಯ ಅದನ್ನು ಅಲ್ಲಿಯ ಸ್ನಾಯು ಮತ್ತು ರಕ್ತನಾಳಗಳ ಸಮೇತ ತೆಗೆದು ಬಾಯಿಗೆ ಜೋಡಿಸಿ ಕೊರಳಿನ ನಾಳಗಳಿಗೆ ಹೊಲಿದರು. ಒಳಗೆ ಹೊಸ ಎಲುಬು ಕಟ್ಟುತ್ತಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿತು. ಈ ವೃತ್ತಾಂತವು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಶಸ್ತ್ರಕ್ರಿಯೆಯಾದ ನಾಲ್ಕು ವಾರಗಳಿಗೆ ಆತನು ರೊಟ್ಟಿಯನ್ನೂ ತನ್ನ ನಾಡಿನ ಮಾಂಸದ ಅಡಿಗೆಯನ್ನೂ ಉಂಡನು. ಹಲ್ಲುಗಳು ಇನ್ನೂ ಇರಲಿಲ್ಲವಾದುದರಿಂದ ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿಕೊಳ್ಳಬೇಕಾಗುತ್ತದೆಂಬುದೇ ಆತನ ದೊಡ್ಡ ದೂರಾಗಿತ್ತು! ಎಂಟು ವರ್ಷ ಗಂಜಿ ಕುಡಿದವನ ಬಾಯಲ್ಲಿ ಇಂಥ ದೂರು ಕೇಳಿದ ವೈದ್ಯರಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಾರದು. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರವಾದೀತು. ಸುಮಾರು 15 ತಿಂಗಳ ತರುವಾಯ ಆತನು ಹೃದಯಸ್ತಂಭನದಿಂದ ತೀರಿಕೊಂಡನು. ಬೆನ್ನಿನಲ್ಲಿ ಬೆಳೆದ ಆ ದವಡೆಯು ಹತ್ತಿಪ್ಪತ್ತು ವರ್ಷಗಳ ಪರೀಕ್ಷೆಗೆ ನಿಲ್ಲುತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಹೋಯಿತು.

ಇಲ್ಲಿ ಮಜ್ಜೆಯನ್ನು ಸೇರಿಸಿದ್ದು ಏಕೆಂಬುದನ್ನು ವಿಚಾರಿಸಬೇಕು. ಆಯುರ್ವೇದವು ಸಪ್ತಧಾತುಗಳನ್ನು ಎಣಿಸುವಾಗ ಐದನೆಯದಾಗಿ ಅಸ್ಥಿಯನ್ನೂ, ಅದರಿಂದ ಉಂಟಾಗುವ ಆರನೆಯದಾಗಿ ಮಜ್ಜೆಯನ್ನೂ ಹೇಳುತ್ತದೆ. ಇಂದಿನ ವಿಜ್ಞಾನವು ಈ ದಾರಿಯನ್ನು ಹಿಂದುಮುಂದಾಗಿಯೂ ನಡೆಯಬಹುದೆಂದು ಕಂಡುಕೊಂಡಿತು. ಮಜ್ಜೆಯಲ್ಲಿರುವ ಕೆಲವು ಕೋಶಗಳು ಎಲುಬನ್ನು ಕಟ್ಟಬಲ್ಲವೆಂಬುದನ್ನು 1960 ಮತ್ತು 1970ರ ದಶಕಗಳಲ್ಲಿ ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ತೋರಿಸಿದರು. ಖನಿಜವನ್ನು ತೆಗೆದ ಎಲುಬಿನ ಚೂರನ್ನು ಸ್ನಾಯುವಿನಲ್ಲಿಟ್ಟರೆ ಅಲ್ಲಿ ಹೊಸ ಎಲುಬು ಹುಟ್ಟುತ್ತದೆಂದು ಅಮೆರಿಕದ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಪ್ರಕಟಿಸಿದ್ದರು. ಕೀಲಿನ ವೈದ್ಯರು ಬಳಸಿದ ಪ್ರೋಟೀನು ಆ ಶೋಧದ ಸಂತತಿಗೆ ಸೇರಿದ್ದು. ದವಡೆಗೆ ಇನ್ನೂ ಸಮೀಪದ ಆಕರಗಳು ಅನಂತರ ಗೋಚರಿಸಿದವು. ಹಲ್ಲಿನ ಒಳತಿರುಳಿನಲ್ಲಿ ಇಂಥ ಕೋಶಗಳಿರುವುದು 2000ದಲ್ಲಿಯೂ, ಮಕ್ಕಳ ಉದುರಿದ ಹಾಲುಹಲ್ಲಿನಲ್ಲಿರುವುದು 2003ರಲ್ಲಿಯೂ ವರದಿಯಾದವು.

ಸ್ಟೆಮ್ ಸೆಲ್ ಎಂಬ ಇವುಗಳಿಗೆ ಕನ್ನಡದಲ್ಲಿ ಕಾಂಡಕೋಶವೆಂದೂ ಆಕರಕೋಶವೆಂದೂ ಹೆಸರಿಟ್ಟಿದ್ದಾರೆ. ಇವುಗಳ ಸ್ವಭಾವವು ವ್ಯಾಕರಣವನ್ನು ಓದಿದ ವಿದ್ಯಾರ್ಥಿಗೆ ಸುಲಭವಾಗಿ ತಿಳಿಯುತ್ತದೆ. 'ನೋಡು' ಎಂಬುದು ಧಾತು. ಅದಕ್ಕೆ ಒಂದು ಪ್ರತ್ಯಯ ಹತ್ತಿದರೆ 'ನೋಡಿದನು' ಆಗುತ್ತದೆ, ಮತ್ತೊಂದು ಹತ್ತಿದರೆ 'ನೋಟ'ವಾಗುತ್ತದೆ. ಧಾತುವಿನಲ್ಲಿ ಇವೆಲ್ಲಕ್ಕೂ ಎಡೆಯುಂಟು, ಯಾವುದೂ ಇನ್ನೂ ನಿಶ್ಚಯವಾಗಿಲ್ಲ. ಅಂತೆಯೇ ಮಜ್ಜೆಯ ಈ ಕೋಶವು ತನಗೆ ದೊರೆತ ಸೂಚನೆಗೆ ಅನುಸಾರವಾಗಿ ಎಲುಬಾಗಬಹುದು, ಮೃದ್ವಸ್ಥಿಯಾಗಬಹುದು, ಕೊಬ್ಬೂ ಆಗಬಹುದು. ಪ್ರತ್ಯಯವು ತಪ್ಪಿದರೆ ಪದವು ಅಪಶಬ್ದವಾಗುವಂತೆ, ಸೂಚನೆಯು ತಪ್ಪಿದರೆ ಕೋಶವು ಬೇಡವಾದುದೇ ಆಗುವುದು. ವಿದ್ಯೆಯ ಕಷ್ಟವೆಲ್ಲ ಇಲ್ಲಿಯೇ ಇದೆ.

ಕೋಶಗಳು ಇದ್ದಮಾತ್ರಕ್ಕೆ ದವಡೆಯಾಗುವುದಿಲ್ಲ. ಮಲ್ಲಿಗೆಯ ಬಳ್ಳಿಗೆ ಹಂದರವಿಲ್ಲದಿದ್ದರೆ ಅದು ನೆಲದ ಮೇಲೆ ಹೇಗೆ ಹೇಗೋ ಹರಡುವಂತೆ, ಆಧಾರವಿಲ್ಲದ ಕೋಶಗಳಿಗೆ ರೂಪವಿಲ್ಲ. ಆ ಹಂದರವನ್ನು ಕಟ್ಟುವ ಕೆಲಸವನ್ನು ಈಗ ಮುದ್ರಣಯಂತ್ರಕ್ಕೆ ವಹಿಸಿದ್ದಾರೆ. ಮುದ್ರಣವೆಂದೊಡನೆ ಅಚ್ಚುಮೊಳೆ, ಮಸಿ, ಕಾಗದಗಳು ನೆನಪಾಗುವುದು ಸಹಜ. ಇದು ಬೇರೆಯದು. ಅಮೆರಿಕದ ಚಾರ್ಲ್ಸ್ ಹಲ್ 1984ರಲ್ಲಿ ಹಕ್ಕುಪತ್ರಕ್ಕಾಗಿ ಅರ್ಜಿ ಸಲ್ಲಿಸಿದ ವಿಧಾನದಿಂದ ಬೆಳೆದುಬಂದ ಈ ವಿದ್ಯೆಯಲ್ಲಿ, ವಸ್ತುವನ್ನು ತೆಳುವಾದ ಪದರದ ಮೇಲೆ ಪದರವಾಗಿ ಇರಿಸುತ್ತ ಎತ್ತರಕ್ಕೆ ಬೆಳೆಸುತ್ತಾರೆ. ಸ್ಕ್ಯಾನಿನಲ್ಲಿ ಕಂಡ ಅಂತರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುವ ಆಕಾರವು ಹೀಗೆ ದೊರೆಯುತ್ತದೆ. ಸುಶ್ರುತನ ಎಲೆಯು ಬೆಳೆದು ಇಲ್ಲಿಗೆ ಬಂದಿದೆ ಎನ್ನಬಹುದು.

ಹಂದರಕ್ಕೆ ಉಪಯೋಗಿಸುವ ವಸ್ತುಗಳಲ್ಲಿ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬುದೊಂದು. ಸುಮಾರು 60 ಡಿಗ್ರಿ ಶಾಖಕ್ಕೇ ಕರಗುವುದರಿಂದ ಅದನ್ನು ಎಳೆಯೆಳೆಯಾಗಿ ಹರಿಯಿಸಬಹುದು. ದೇಹದೊಳಗೆ ಅದು ವರ್ಷಗಳ ಕಾಲದಲ್ಲಿ ಮೆಲ್ಲಗೆ ಕರಗಿಹೋಗುತ್ತದೆ. ಎಲುಬಿನ ಖನಿಜಕ್ಕೆ ಸಮೀಪವಾದ ಕ್ಯಾಲ್ಸಿಯಂ ಫಾಸ್ಫೇಟನ್ನು ಅದರೊಡನೆ ಬೆರೆಸುವುದುಂಟು. ಹಂದರದ ತುಂಬ ಒಂದರೊಳಗೊಂದು ತೆರೆದುಕೊಳ್ಳುವ ರಂಧ್ರಗಳಿರಬೇಕು. ಅವು ತೀರ ಕಿರಿದಾದರೆ ರಕ್ತನಾಳಗಳು ನುಸುಳಲಾರವು, ಹಿರಿದಾದರೆ ಹಂದರಕ್ಕೆ ಬಲ ಸಾಲದು. ಮಿಲಿಮೀಟರಿನ ಮೂರನೆಯ ಒಂದು ಭಾಗದ ಆಸುಪಾಸಿನ ರಂಧ್ರಗಳು ಎಲುಬಿಗೆ ಅನುಕೂಲವೆಂದು ಕಂಡುಬಂದಿದೆ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಹಂದರವು ತಕ್ಕ ಕಾಲಕ್ಕೆ ಇಲ್ಲವಾಗಬೇಕು. ಎಲುಬು ಬಲಿಯುವ ಮೊದಲೇ ಕರಗಿದರೆ ಕಟ್ಟಡ ಕುಸಿಯುತ್ತದೆ. ಬಲಿತ ಮೇಲೂ ಉಳಿದರೆ ತಾನೇ ಅಡ್ಡಿಯಾಗುತ್ತದೆ.

ಲೋಹದ ದವಡೆಗೂ ಇದಕ್ಕೂ ಇರುವ ವ್ಯತ್ಯಾಸವು ಇದೇ. ನೆದರ್ಲೆಂಡ್ಸಿನಲ್ಲಿ 2011ರಲ್ಲಿ 83 ವರ್ಷದ ವೃದ್ಧೆಯೊಬ್ಬಳಿಗೆ ಟೈಟೇನಿಯಮ್ ಪುಡಿಯನ್ನು ಲೇಸರ್ ಕಿರಣದಿಂದ ಕರಗಿಸಿ ಮುದ್ರಿಸಿದ ಇಡೀ ಕೆಳದವಡೆಯನ್ನು ಜೋಡಿಸಿದರು. ಅದರ ತೂಕ 107 ಗ್ರಾಂ. ಆ ವಯಸ್ಸಿನಲ್ಲಿ ಆಕೆಗೆ ಅದು ಮಹೋಪಕಾರವೇ ಸರಿ. ಆದರೆ ಲೋಹವು ಎಂದೆಂದಿಗೂ ಲೋಹವೇ. ಅದು ಬೆಳೆಯದು, ಸವೆದರೆ ತುಂಬಿಕೊಳ್ಳದು. ಬೆಳೆಯುವ ಮಗುವಿನ ದವಡೆಗೆ ಲೋಹವು ಹೇಗೆ ತಾನೆ ಸಮನಾದೀತು?

ಜೀವಂತ ಎಲುಬಿನ ದಾರಿಯಲ್ಲಿ 2016ನೆಯ ವರ್ಷವು ಸ್ಮರಣೀಯ. ಅಮೆರಿಕದ ವೇಕ್ ಫಾರೆಸ್ಟ್ ಸಂಸ್ಥೆಯ ಆಂಟನಿ ಅಟಾಲಾ ಮತ್ತು ಅವರ ತಂಡದವರು ಹಂದರದ ವಸ್ತುವನ್ನೂ ಜೀವಕೋಶಗಳನ್ನೂ ಒಂದೇ ಯಂತ್ರದಿಂದ ಒಟ್ಟಿಗೆ ಮುದ್ರಿಸಿ, ಮನುಷ್ಯನ ದವಡೆಯ ಅಂತರಕ್ಕೆ ಹೊಂದುವ ಗಾತ್ರದ ತುಣುಕನ್ನು ಪ್ರಯೋಗಾಲಯದಲ್ಲಿ ರಚಿಸಿದರು. ಅದೇ ವರ್ಷ ಕೊಲಂಬಿಯ ವಿಶ್ವವಿದ್ಯಾನಿಲಯದ ಗೊರ್ಡಾನಾ ವುನ್ಯಾಕ್-ನೊವಾಕೊವಿಚ್ ಅವರ ತಂಡವು ಹಂದಿಗಳಿಗೆ ಅವುಗಳದೇ ಕೊಬ್ಬಿನಿಂದ ತೆಗೆದ ಆಕರಕೋಶಗಳಿಂದ ದವಡೆಯ ಕೀಲಿನ ಭಾಗವನ್ನು ಬೆಳೆಸಿ ಜೋಡಿಸಿತು. ಆರು ತಿಂಗಳಲ್ಲಿ ಅದು ಜೀವಂತ ಎಲುಬಿನಂತೆ ದೇಹದಲ್ಲಿ ಬೆರೆಯಿತೆಂದು ವರದಿಯಾಗಿದೆ. ಅವರು ಬಳಸಿದ ಹಂದರವು ಮುದ್ರಿತವಾದುದಲ್ಲ. ಕೋಶಗಳನ್ನೆಲ್ಲ ತೊಳೆದು ತೆಗೆದ ಎಲುಬನ್ನೇ ಬೇಕಾದ ಆಕಾರಕ್ಕೆ ಕೆತ್ತಿದ್ದು. ದಾರಿಗಳು ಹಲವು, ಸೇರಬೇಕಾದ ಊರು ಒಂದೇ.

ಆ ಊರು ಇನ್ನೂ ದೂರವಿದೆ. ಮೊದಲ ತೊಡಕು ರಕ್ತದ್ದು. ಜೀವಕೋಶವು ಅತಿಸೂಕ್ಷ್ಮ ರಕ್ತನಾಳದಿಂದ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ದೂರವಾದರೆ ಬಾಳುವುದು ಕಷ್ಟ. ಹೆಬ್ಬೆರಳಿನ ಗಾತ್ರದ ಹಂದರದ ನಡುಭಾಗಕ್ಕೆ ನಾಳಗಳು ಬೆಳೆದು ಮುಟ್ಟುವಷ್ಟರಲ್ಲಿ ಅಲ್ಲಿಯ ಕೋಶಗಳು ಹಸಿವಿನಿಂದ ಸತ್ತಿರುತ್ತವೆ. ಕೀಲಿನ ವೈದ್ಯರು ಬೆನ್ನಿನ ಸ್ನಾಯುವನ್ನು ಆಶ್ರಯಿಸಿದ್ದು ಇದಕ್ಕಾಗಿಯೇ. ಎರಡನೆಯ ತೊಡಕು ಬಾಯಿಯದು. ಅದು ಸದಾ ಒದ್ದೆಯಾಗಿ, ಸೂಕ್ಷ್ಮಜೀವಿಗಳಿಗೆ ಮನೆಯಾಗಿ, ಕ್ಷಣಕ್ಷಣಕ್ಕೂ ಅಲುಗಾಡುವ ಸ್ಥಳ. ಹಲ್ಲಿನ ಸುತ್ತಣ ಎಲುಬಿನ ಕೊರತೆಗೆ ಮುದ್ರಿತ ಹಂದರವನ್ನು ಮನುಷ್ಯನಲ್ಲಿ ಬಳಸಿದ ಒಂದು ಪ್ರಯತ್ನವು 2015ರಲ್ಲಿ ಪ್ರಕಟವಾಯಿತು; ಒಂದು ವರ್ಷ ಸುರಕ್ಷಿತವಾಗಿದ್ದ ಹಂದರವು 13ನೆಯ ತಿಂಗಳಲ್ಲಿ ಒಸಡಿನಿಂದ ಹೊರಗೆ ಕಾಣಿಸಿಕೊಂಡು, ಕೊನೆಗೆ ಅದನ್ನು ತೆಗೆದುಹಾಕಬೇಕಾಯಿತು. ಆ ವೈದ್ಯರು ಸೋಲನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸಿದರೆಂಬುದು ಅವರ ವಿದ್ಯೆಗೆ ಭೂಷಣ. ಮೂರನೆಯ ತೊಡಕು ಇನ್ನೂ ಗಹನವಾದುದು. ಕ್ಯಾನ್ಸರಿನಿಂದ ದವಡೆ ಕಳೆದವನ ಬಾಯಲ್ಲಿ ಬೆಳವಣಿಗೆಯ ಪ್ರಚೋದಕಗಳನ್ನು ಇಡುವಾಗ, ಎಲುಬಿನೊಡನೆ ರೋಗವೂ ಎಚ್ಚರಗೊಂಡೀತೆ ಎಂಬ ಶಂಕೆಯನ್ನು ವೈದ್ಯನು ಮರೆಯುವಂತಿಲ್ಲ.

ಹೀಗಿರುವಾಗ ಜಾಹೀರಾತುಗಳನ್ನು ನಂಬಿ ಹಣ ಸುರಿಯುವವರು ಎಚ್ಚರವಹಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ರಕ್ತಸಂಬಂಧವಾದ ರೋಗಗಳಿಗೆ ಮಾಡುವ ಮಜ್ಜೆಯ ಕಸಿಯಂಥ ಚಿಕಿತ್ಸೆಯ ಹೊರತು ಬೇರೆ ಆಕರಕೋಶಪ್ರಯೋಗಗಳನ್ನು ಸಿದ್ಧಚಿಕಿತ್ಸೆಯೆಂದು ಮಾನ್ಯಮಾಡಲಿಲ್ಲ. ಹೊಕ್ಕುಳಬಳ್ಳಿಯ ರಕ್ತವನ್ನುಳಿದು ಹಲ್ಲಿನ ತಿರುಳು ಮೊದಲಾದುವನ್ನು ವ್ಯಾಪಾರಕ್ಕಾಗಿ ಸಂಗ್ರಹಿಸಿಡುವುದಕ್ಕೂ ಒಪ್ಪಲಿಲ್ಲ. ಪ್ರಯೋಗವು ಪ್ರಯೋಗವೆಂದೇ ನಡೆಯಬೇಕು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು ನಡೆಯಬೇಕು. ದುಃಖದಲ್ಲಿರುವವನ ಆಸೆಯನ್ನು ಬಂಡವಾಳ ಮಾಡಿಕೊಳ್ಳುವುದು ವೈದ್ಯಧರ್ಮವಲ್ಲ.

ಈ ವಿಷಯವು ಕರ್ನಾಟಕಕ್ಕೆ ದೂರದ್ದಲ್ಲ. 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದ ಪುರುಷರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದ ಕ್ಯಾನ್ಸರ್ ತುಟಿ ಮತ್ತು ಬಾಯಿಯದು. ಅದಕ್ಕೆ ಹೊಗೆಸೊಪ್ಪು ಮುಖ್ಯ ಕಾರಣ. ಅಡಕೆಯನ್ನು ಬಿಡಿಯಾಗಿ ಅಗಿಯುವುದೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಅಡಕೆಯ ಬೆಳೆಯಲ್ಲಿ ದೇಶಕ್ಕೇ ಮುಂದಾಗಿರುವ ನಾಡಿಗೆ, ತಾಂಬೂಲವಿಲ್ಲದೆ ಮಂಗಳಕಾರ್ಯವೇ ಇಲ್ಲದ ನಾಡಿಗೆ, ಈ ಮಾತು ಕಹಿಯಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. 2013ರಲ್ಲಿ ಕರ್ನಾಟಕ ಸರ್ಕಾರವು ಗುಟ್ಕಾವನ್ನು ನಿಷೇಧಿಸಿತು. ಆದರೆ ಆಜ್ಞೆಯು ಅಂಗಡಿಯ ಬಾಗಿಲವರೆಗೆ ಬರಬಹುದೇ ಹೊರತು ಬಾಯೊಳಗೆ ಬರಲಾರದು. ಹದಿಹರೆಯದಲ್ಲಿ ಗೆಳೆಯರ ಒತ್ತಾಯಕ್ಕೆ ಹರಿದ ಒಂದು ಚೀಟಿ, ನಲವತ್ತನೆಯ ವಯಸ್ಸಿಗೆ ದವಡೆಯನ್ನು ಕೇಳುತ್ತದೆ. ಅಂದು ಎಷ್ಟು ಕುಶಲನಾದ ವೈದ್ಯನೂ ಕಾಲಿನ ಎಲುಬನ್ನು ಕತ್ತರಿಸಿಯೇ ಉತ್ತರ ಕೊಡಬೇಕಾಗುತ್ತದೆ.

ಇಷ್ಟನ್ನೂ ವಿಚಾರಿಸಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಎಲುಬನ್ನು ಮಾಡುವ ವಿದ್ಯೆಯನ್ನು ಮನುಷ್ಯನು ಕಲಿತಿಲ್ಲ. ಎಲುಬು ಬೆಳೆಯುವುದಕ್ಕೆ ಎಡೆ ಮಾಡಿಕೊಡುವ ವಿದ್ಯೆಯನ್ನು ಕಲಿಯುತ್ತಿದ್ದಾನೆ. ಯಂತ್ರವು ಅಳತೆಯನ್ನು ಕೊಡುತ್ತದೆ, ಮಜ್ಜೆಯು ಬೀಜವನ್ನು ಕೊಡುತ್ತದೆ, ರಕ್ತವು ನೀರೆರೆಯುತ್ತದೆ. ಬೆಳೆಯುವ ಕೆಲಸ ದೇಹದ್ದೇ. ಹೂವಿನ ಬಳ್ಳಿಯನ್ನು ನೋಡಿದವರು ಹಂದರವನ್ನು ಹೊಗಳುವುದಿಲ್ಲ; ಹಂದರವೂ ಅದನ್ನು ಬಯಸುವುದಿಲ್ಲ. ಎಳೆಯದಕ್ಕೆ ಆಸರೆಯಾಗಿ ನಿಂತು, ಅದು ಬಲಿತೊಡನೆ ತಾನು ಕರಗಿಹೋಗುವುದೇ ಹಂದರದ ಸಾರ್ಥಕ್ಯ. ಗುರುವಿನ ಕೆಲಸವೂ ಇದಕ್ಕಿಂತ ಬೇರೆಯಲ್ಲವೆಂಬುದನ್ನು ಪಾಠಶಾಲೆಯ ನೆರಳಿನಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಕೀಲ್ ನಗರದ ಆ ಮನುಷ್ಯನು ಎಂಟು ವರ್ಷಗಳ ತರುವಾಯ ಒಂದು ತುತ್ತು ರೊಟ್ಟಿಯನ್ನು ಬಾಯಿಗಿಟ್ಟುಕೊಂಡಾಗ ಆತನಿಗೆ ಹಂದರದ ನೆನಪಾಗಿರಲಾರದು. ರೊಟ್ಟಿಯ ರುಚಿಯೊಂದೇ ನೆನಪಿನಲ್ಲಿ ನಿಂತಿರಬೇಕು. ಅಷ್ಟು ಸಾಕು. ವಿದ್ಯೆಗೆ ಅದಕ್ಕಿಂತ ಹೆಚ್ಚಿನ ಫಲವಿಲ್ಲ.